ಬಾಯ್ನ್ ದಂಡೆಯಲ್ಲೊಂದು ಅಡುಗೆಮನೆ

ಡಬ್ಲಿನ್ನಿನಿಂದ ಉತ್ತರಕ್ಕೆ ಮುಕ್ಕಾಲು ತಾಸು ಕಾರಿನಲ್ಲಿ ಹೋದರೆ ಬಾಯ್ನ್ ನದಿ ಸಿಗುತ್ತದೆ. ಉದ್ದ 112 ಕಿಲೋಮೀಟರ್, ಅಷ್ಟೇ. ಸ್ಲೇನ್ ಎಂಬ ಊರು ದಾಟಿದ ಮೇಲೆ ಅದು ಸಮುದ್ರದ ಕಡೆ ನೆಟ್ಟಗೆ ಹೋಗದೆ ದಕ್ಷಿಣಕ್ಕೆ ಬಾಗಿ, ಒಂದು ಉದ್ದನೆಯ ದಿಣ್ಣೆಯನ್ನು ಬಳಸಿಕೊಂಡು, ಮತ್ತೆ ಉತ್ತರಕ್ಕೆ ತಿರುಗಿ ಡ್ರಾಹೆಡಾ ಪಟ್ಟಣದತ್ತ ಹರಿಯುತ್ತದೆ. ಆ ಬಾಗಿನೊಳಗೆ ಬಾರ್ಲಿ ಹೊಲಗಳು, ಹುಲ್ಲುಗಾವಲು, ಮೇ ತಿಂಗಳಲ್ಲಿ ಬಿಳಿ ಹೂ ಬಿಟ್ಟು ನಿಂತ ಮುಳ್ಳುಬೇಲಿಗಳು. ಅವುಗಳ ನಡುವೆ ಮೂರು ದೊಡ್ಡ ಗೋರಿಗುಡ್ಡಗಳು: ನ್ಯೂಗ್ರೇಂಜ್, ನೌತ್, ಡೌತ್. ಸುತ್ತಮುತ್ತ ಚಿಕ್ಕವು ಹತ್ತಾರು. ಐರಿಷ್ ಭಾಷೆಯಲ್ಲಿ ಬ್ರೂ ನ ಬೋನ್ಯ ಎಂದು ಕರೆಯುವ ಈ ಸೀಮೆಯನ್ನು ಯುನೆಸ್ಕೊ 1993ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನನ್ನ ಅಕ್ಕನ ಮಗಳು ಡ್ರಾಹೆಡಾದಲ್ಲಿ ನರ್ಸ್. ಕಲಬುರಗಿ ಬಿಟ್ಟು ಅಲ್ಲಿ ನೆಲೆಸಿದವಳು. ಮಾತು ಮಾತ್ರ ನಮ್ಮ ಕಡೆಯದೇ ಉಳಿಸಿಕೊಂಡಿದ್ದಾಳೆ. ನಾನು ಗೋರಿಗಳ ಪಟ್ಟಿ ಹಿಡಿದು ಕೂತಿದ್ದಾಗ ಅವಳೇ ಹೇಳಿದಳು: “ಮಾಮಾ, ಗೋರಿ ಎಲ್ಲೂ ಓಡಿ ಹೋಗಂಗಿಲ್ಲ. ಸೋಮವಾರ ನಮ್ಮ ಜೋಡಿ ಕೆಲಸ ಮಾಡಾಕಿ ಮನಿ ಹಿತ್ತಲ ಅಗೀತಾರ. ಅಡಗಿಮನಿ ಕಟ್ಟಬೇಕಂದ್ರ ಮೊದಲ ಪುರಾತತ್ವದವರು ಬಂದು ನೆಲ ನೋಡಬೇಕಂತ. ಬರ್ತೀರೇನು?”

ಭಾನುವಾರ ಗೋರಿ, ಸೋಮವಾರ ಹಿತ್ತಿಲು ಎಂದು ಗೊತ್ತಾಯಿತು.

ನ್ಯೂಗ್ರೇಂಜಿನ ಬಾಗಿಲಿಗೆ ಸ್ವಂತ ಕಾರಿನಲ್ಲಿ ಹೋಗಿ ಇಳಿಯುವಂತಿಲ್ಲ. ನದಿಯ ದಕ್ಷಿಣ ದಂಡೆಯಲ್ಲಿ, ಡೊನೋರ್ ಹಳ್ಳಿಯ ಹತ್ತಿರ ಪ್ರವಾಸಿ ಕೇಂದ್ರವಿದೆ. ಅಲ್ಲಿ ಟಿಕೆಟ್ ಪಡೆದು, ಕಾಲುಸೇತುವೆಯಲ್ಲಿ ನದಿ ದಾಟಿ, ಆಚೆ ಕಾಯುವ ಬಸ್ಸು ಹತ್ತಬೇಕು. ಹಸಿರು ಏರಿನ ಮೇಲೆ ಬಿಳಿ ಕಲ್ಲಿನ ಗೋಡೆ ದೂರದಿಂದಲೇ ಹೊಳೆಯುತ್ತದೆ. ಗುಡ್ಡದ ಅಡ್ಡಗಲ ಸುಮಾರು 85 ಮೀಟರ್, ಎತ್ತರ 13 ಮೀಟರಿನ ಆಸುಪಾಸು. ಬುಡದ ಸುತ್ತ 97 ದೊಡ್ಡ ಕಲ್ಲುಗಳನ್ನು ಒಂದಕ್ಕೊಂದು ತಾಗಿಸಿ ಮಲಗಿಸಿದ್ದಾರೆ. ಬಾಗಿಲೆದುರಿನ ಕಲ್ಲಿನ ಮೇಲೆ ಸುರುಳಿಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಲೋಹದ ಉಳಿಯೇ ಇಲ್ಲದ ಕಾಲ. ಕಲ್ಲಿನಿಂದಲೇ ಕಲ್ಲು ಕುಟ್ಟಿ ಬಿಡಿಸಿದ್ದು. ಇದು ಕ್ರಿಸ್ತಪೂರ್ವ 3200ರ ಸುಮಾರಿನ ಕಟ್ಟಡ. ಗೀಜಾದ ಮಹಾಪಿರಮಿಡ್ ಏಳಲು ಆಗ ಇನ್ನೂ ಆರುನೂರು ವರ್ಷವಿತ್ತು.

ಒಳಗೆ ಹೋಗುವ ದಾರಿ 19 ಮೀಟರ್ ಉದ್ದ. ಭುಜ ಓರೆ ಮಾಡಿ, ತಲೆ ತಗ್ಗಿಸಿ ನಡೆಯಬೇಕು. ಕೊನೆಯಲ್ಲಿ ಕೋಣೆ ತಟ್ಟನೆ ಮೇಲಕ್ಕೆ ತೆರೆದುಕೊಳ್ಳುತ್ತದೆ. ಕಲ್ಲಿನ ಮೇಲೆ ಕಲ್ಲನ್ನು ಸ್ವಲ್ಪ ಸ್ವಲ್ಪವೇ ಒಳಗೆ ಚಾಚುತ್ತಾ ಹೋಗಿ ಆರು ಮೀಟರ್ ಎತ್ತರದಲ್ಲಿ ಒಂದೇ ಚಪ್ಪಡಿಯಿಂದ ಮುಚ್ಚಿದ ಸೂರು. ಗಾರೆ ಇಲ್ಲ, ಸುಣ್ಣ ಇಲ್ಲ. ಐದು ಸಾವಿರ ವರ್ಷ ಐರ್ಲೆಂಡಿನ ಮಳೆ ಸುರಿದರೂ ಒಳಗೆ ಹನಿ ನೀರಿಳಿದಿಲ್ಲ. ಮಾರ್ಗದರ್ಶಿ ದೀಪಗಳನ್ನೆಲ್ಲ ಆರಿಸಿ, ಬಾಗಿಲ ಕಡೆಯಿಂದ ಒಂದು ಬೆಳಕಿನ ಎಳೆಯನ್ನು ನೆಲದ ಮೇಲೆ ಹರಿಸಿ ತೋರಿಸುತ್ತಾರೆ. ನಿಜವಾದ ಬೆಳಕು ಬರುವುದು ಡಿಸೆಂಬರ್ 21ರ ಆಸುಪಾಸಿನ ಬೆಳಗುಗಳಲ್ಲಿ ಮಾತ್ರ. ಬಾಗಿಲಿನ ಮೇಲೊಂದು ಪುಟ್ಟ ಕಿಂಡಿಯಿದೆ. ವರ್ಷದ ಅತಿ ಚಿಕ್ಕ ಹಗಲಿನ ಸೂರ್ಯ ಹುಟ್ಟಿದ ಕೆಲವೇ ನಿಮಿಷಕ್ಕೆ ಅದರ ಮೂಲಕ ಕಿರಣವೊಂದು ಒಳಹೊಕ್ಕು, ಕೋಣೆಯ ನೆಲ ಮುಟ್ಟಿ, ಹದಿನೇಳು ನಿಮಿಷ ನಿಂತು ಹಿಂದೆ ಸರಿಯುತ್ತದೆ. ಇಲ್ಲಿ ಉತ್ಖನನ ನಡೆಸಿದ ಪ್ರೊಫೆಸರ್ ಎಂ. ಜೆ. ಓಕೆಲಿ 1967ರ ಡಿಸೆಂಬರ್ 21ರಂದು ಒಳಗೆ ಒಬ್ಬರೇ ನಿಂತು ಇದನ್ನು ಕಂಡರು. ಈಗ ಆ ಬೆಳಗುಗಳಿಗೆ ಲಾಟರಿ ಎತ್ತಿ ಜನರನ್ನು ಬಿಡುತ್ತಾರೆ.

ಈ ಅದ್ಭುತ ಹೊರಬಿದ್ದ ಬಗೆ ಮಾತ್ರ ತೀರ ಸಾಮಾನ್ಯದ್ದು. 1699ರಲ್ಲಿ ಜಮೀನಿನ ಒಡೆಯ ಚಾರ್ಲ್ಸ್ ಕ್ಯಾಂಪ್‌ಬೆಲ್‌ಗೆ ರಸ್ತೆ ಮಾಡಿಸಲು ಕಲ್ಲು ಬೇಕಿತ್ತು. ದಿಬ್ಬದಿಂದ ಕಲ್ಲು ಕೀಳುತ್ತಿದ್ದ ಆಳುಗಳಿಗೆ ಬಾಗಿಲು ಸಿಕ್ಕಿತು. ಅದೇ ದಿನಗಳಲ್ಲಿ ಆ ಕಡೆ ಬಂದಿದ್ದ ವೇಲ್ಸ್‌ನ ವಿದ್ವಾಂಸ ಎಡ್ವರ್ಡ್ ಲುಯ್ಡ್ ಕಂಡದ್ದನ್ನು ಬರೆದಿಟ್ಟದ್ದರಿಂದ ಆ ಸುದ್ದಿ ನಮಗೆ ಉಳಿದಿದೆ. ಎದುರಿನ ಬಿಳಿಗೋಡೆಯೂ ಇಂದಿಗೆ ವಾದದ ವಸ್ತುವೇ. ಕೆಳಗೆ ಕುಸಿದು ಹರಡಿದ್ದ ಬೆಣಚುಕಲ್ಲುಗಳನ್ನು ಗೋಡೆಯಾಗಿ ನಿಲ್ಲಿಸಿದವರು ಓಕೆಲಿ. ಅವು ಮೂಲದಲ್ಲಿ ಗೋಡೆಯಾಗಿರಲೇ ಇಲ್ಲ, ಬಾಗಿಲ ಮುಂದಿನ ನೆಲಹಾಸಾಗಿದ್ದವು ಎನ್ನುವ ಪುರಾತತ್ವಜ್ಞರಿದ್ದಾರೆ. ಕಲ್ಲು ಎಲ್ಲಿ, ಯಾವ ಪದರದಲ್ಲಿ, ಯಾವುದರ ಮೇಲೆ ಬಿದ್ದಿತ್ತು ಎಂಬುದರ ಮೇಲೆಯೇ ಇಡೀ ವಾದ ನಿಂತಿದೆ. ಅಗೆಯುವಾಗ ಬರೆದಿಟ್ಟಿದ್ದರಿಂದ ಇವತ್ತು ವಾದವನ್ನಾದರೂ ಮಾಡಬಹುದು.

ಸೋಮವಾರದ ಮನೆ ಇಲ್ಲಿಂದ ಕೆಲವೇ ಕಿಲೋಮೀಟರ್ ದೂರ, ಕಿರಿದಾದ ಗಾಡಿದಾರಿಯೊಂದರ ಕೊನೆಗೆ. ಮೂರು ಕೋಣೆಗಳು ಸಾಲಾಗಿ, ಒಂದರ ಹಿಂದೆ ಒಂದಿಲ್ಲದಂತೆ, ಉದ್ದಕ್ಕೆ ಪೋಣಿಸಿದ ಮನೆ. ಐರ್ಲೆಂಡಿನ ಹಳೆಯ ಬಡ ರೈತರ ಮನೆಗಳೆಲ್ಲ ಹೀಗೇ. ಅಗಲಕ್ಕೆ ಒಂದೇ ಕೋಣೆ, ನಡುವೆ ಒಲೆ. ದೇಶದ ಪಶ್ಚಿಮದಲ್ಲಾದರೆ ಗೋಡೆ ಕಲ್ಲಿನದು. ಪೂರ್ವದ ಮೀಥ್ ಸೀಮೆಯಲ್ಲಿ ಒಳ್ಳೆಯ ಜೇಡಿಮಣ್ಣು ಇರುವುದರಿಂದ ಹುಲ್ಲು ಬೆರೆಸಿ ತುಳಿದ ಮಣ್ಣಿನ ಗೋಡೆಗಳೇ ಹೆಚ್ಚು. ಈ ಮನೆಯದೂ ಅದೇ: ಎರಡು ಅಡಿ ದಪ್ಪ, ಮೇಲೆ ಪದರ ಪದರವಾಗಿ ಹೊಡೆದ ಸುಣ್ಣ. ಹುಲ್ಲಿನ ಚಾವಣಿ ಯಾವಾಗಲೋ ಹೋಗಿ ಕಪ್ಪು ಸ್ಲೇಟು ಬಂದಿದೆ. ಮೇಲರ್ಧ ತೆರೆದು ಕೆಳಗರ್ಧ ಮುಚ್ಚಿಡುವ ಬಾಗಿಲು ಮಾತ್ರ ಹಳೆಯದೇ.

ಮನೆಯೊಡತಿಗೆ ಬೇಕಿದ್ದುದು ಹಿಂಬದಿಗೆ ಅಂಟಿಕೊಂಡಂತೆ ಒಂದು ಅಡುಗೆಮನೆ, ಪಕ್ಕದಲ್ಲಿ ತಂದೆಯವರಿಗೆ ಮೆಟ್ಟಿಲಿಲ್ಲದ ಬಚ್ಚಲು. ಪೇಟೆಯಲ್ಲಾದರೆ ಮೇಸ್ತ್ರಿಯನ್ನು ಕರೆದು ನೂಲು ಹಿಡಿಸಿಬಿಡಬಹುದಿತ್ತು. ಇಲ್ಲಿ ಹಿತ್ತಿಲ ಬೇಲಿಯಾಚೆ, ಪಕ್ಕದವರ ಹುಲ್ಲುಗಾವಲಿನಲ್ಲಿ ಒಂದು ದುಂಡನೆಯ ಏರಿಯಿದೆ. ಮೇಲೆಲ್ಲ ಮುಳ್ಳುಗಿಡ. ಸಾವಿರ ಸಾವಿರದೈನೂರು ವರ್ಷದ ಹಿಂದೆ ಒಂದೊಂದು ರೈತ ಕುಟುಂಬ ಮನೆ, ದನಗಳ ಸುತ್ತ ಮಣ್ಣಿನ ದಿಬ್ಬ ಎತ್ತಿ, ಹೊರಗೆ ಕಂದಕ ತೋಡಿಕೊಂಡು ಬದುಕುತ್ತಿದ್ದ ದುಂಡುಕೋಟೆಗಳು ಇವು. ದೇಶದಲ್ಲಿ ಇಂಥವು 45 ಸಾವಿರದಷ್ಟಿವೆ. ಇಷ್ಟು ಉಳಿದದ್ದು ಕಾನೂನಿನಿಂದಲ್ಲ. ಅವುಗಳೊಳಗೆ ಸಿದ್ಧರಂಥ ಒಂದು ಅದೃಶ್ಯ ಕುಲ ವಾಸವಾಗಿದೆ, ಗುದ್ದಲಿ ಹಾಕಿದವನಿಗೆ ಕೇಡು ತಪ್ಪಿದ್ದಲ್ಲ ಎಂಬ ಭಯದಿಂದ. ಈ ಭಯ ಮೊನ್ನೆ ಮೊನ್ನೆಯವರೆಗೂ ಗಟ್ಟಿಯಾಗಿತ್ತು. 1999ರಲ್ಲಿ ಕ್ಲೇರ್ ಸೀಮೆಯ ಲಟೂನ್ ಎಂಬಲ್ಲಿ ಹೆದ್ದಾರಿಗೆ ಅಡ್ಡ ಬಂದ, ಆ ಅದೃಶ್ಯರದೆಂದು ನಂಬಿದ್ದ ಒಂಟಿ ಮುಳ್ಳುಮರವನ್ನು ಕಡಿಯಬಾರದೆಂದು ಕತೆಗಾರ ಎಡಿ ಲೆನಿಹನ್ ದನಿಯೆತ್ತಿದರು. ಮರ ಉಳಿಯಿತು, ರಸ್ತೆ ಅದನ್ನು ಬಿಟ್ಟು ಹಾದುಹೋಯಿತು.

ಮನೆಯೊಡತಿಯ ತಂದೆ ಒಲೆಯ ಪಕ್ಕದ ಕುರ್ಚಿಯಲ್ಲಿದ್ದರು. ಎಂಬತ್ತು ದಾಟಿದವರು. ಚಹಾ ಬಗ್ಗಿಸಿಕೊಡುತ್ತಾ ಅವರೇ ಮಾತು ತೆಗೆದರು.

“ನಮ್ಮ ಅಜ್ಜನ ಕಾಲದಲ್ಲಿ ಲೈಸೆನ್ಸೂ ಇಲ್ಲ, ಏನೂ ಇಲ್ಲ. ಪರೀಕ್ಷೆ ಮಾತ್ರ ಇತ್ತು.”

ಮನೆ ಕಟ್ಟಬೇಕೆಂದ ಜಾಗದ ನಾಲ್ಕು ಮೂಲೆಗೆ ನಾಲ್ಕು ಕೋಲು ನೆಟ್ಟು, ಇಲ್ಲವೇ ನಾಲ್ಕು ಕಲ್ಲಿಟ್ಟು ರಾತ್ರಿ ಬಿಟ್ಟುಬಿಡುವುದು. ಬೆಳಿಗ್ಗೆ ಯಾವುದಾದರೂ ಅಲುಗಿದ್ದರೆ ಅದು ಆ ಅದೃಶ್ಯರು ಓಡಾಡುವ ದಾರಿ. ಬೇರೆ ಜಾಗ ಹುಡುಕಬೇಕು. ನಾವು ಪಾಯ ಹಾಕುವ ಮುಂಚೆ ಆಯ ನೋಡಿಸುವುದನ್ನು ನಾನು ಹೇಳಿದಾಗ ಅವರು ತಲೆಯಾಡಿಸಿ, ಇನ್ನೂ ಒಂದು ನಿಯಮ ಸೇರಿಸಿದರು. ಮನೆಯನ್ನು ಪಶ್ಚಿಮದ ಕಡೆಗೆ ಬೆಳೆಸಬಾರದು. ಬೆಳೆಸಿಯೇ ತೀರುತ್ತೇನೆ ಎನ್ನುವವನು ದೇವರಿಗಿಂತ ಗಟ್ಟಿಗನಾಗಿರಬೇಕು. ಮಗಳ ನಕ್ಷೆಯಲ್ಲಿ ಅಡುಗೆಮನೆ ಉತ್ತರಕ್ಕಿದ್ದುದರಿಂದ ಆ ತಕರಾರು ಏಳಲಿಲ್ಲ.

ಇವೆಲ್ಲ ಮುದುಕರ ಮಾತೆಂದು ಗಾಳಿಗೆ ಹೋಗಲು ಬಿಡದ ದೇಶ ಅದು. 1937ರಿಂದ 1939ರವರೆಗೆ ಸರ್ಕಾರ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಒಂದು ಕೆಲಸ ಕೊಟ್ಟಿತು: ಮನೆಯ ಹಿರಿಯರನ್ನು ಕೇಳಿ ಊರಿನ ಕತೆ, ನಂಬಿಕೆ, ಮದ್ದು, ಕೋಟೆ, ಬಾವಿ ಎಲ್ಲ ಬರೆದು ತನ್ನಿ. ಸುಮಾರು 5,000 ಶಾಲೆಗಳ 50,000 ಮಕ್ಕಳು ಬರೆದದ್ದು ಲಕ್ಷಾಂತರ ಪುಟ. ಅದು ಯೂನಿವರ್ಸಿಟಿ ಕಾಲೇಜ್ ಡಬ್ಲಿನ್‌ನ ಜಾನಪದ ಭಂಡಾರದಲ್ಲಿದೆ. ಯಾವ ಹೊಲದಲ್ಲಿ ಕೋಟೆಯಿತ್ತು, ಯಾರು ಅದನ್ನು ಸಮ ಮಾಡಿದರು ಎಂಬ ಸುಳಿವು ಬೇಕಾದಾಗ ಪುರಾತತ್ವದವರು ಅದನ್ನೂ ತಿರುವಿಹಾಕುತ್ತಾರೆ.

ಸರ್ಕಾರದ ಪರೀಕ್ಷೆಯ ಹಿಂದೆ ಉದ್ದನೆಯ ಕಾಗದಗಳ ಸಾಲಿದೆ. 1930ರ ರಾಷ್ಟ್ರೀಯ ಸ್ಮಾರಕ ಕಾಯ್ದೆಯ ಪ್ರಕಾರ ಪುರಾತನವಾದದ್ದನ್ನು ಹುಡುಕಲು ನೆಲ ಅಗೆಯಬೇಕಾದರೆ ಲೈಸೆನ್ಸ್ ಬೇಕು. ಜಮೀನು ನಿಮ್ಮದೇ ಆಗಿದ್ದರೂ ಬೇಕು. 1994ರ ತಿದ್ದುಪಡಿ ಬಂದ ಮೇಲೆ ಪಟ್ಟಿಯಲ್ಲಿರುವ ಯಾವುದೇ ಪ್ರಾಚೀನ ನೆಲೆಯಲ್ಲಿ ಕೆಲಸ ಹಿಡಿಯುವವರು ಎರಡು ತಿಂಗಳ ಮುಂಚೆ ಲಿಖಿತವಾಗಿ ತಿಳಿಸಬೇಕು. 2023ರಲ್ಲಿ ಹೊಸ ಕಾಯ್ದೆ ಬಂದಿದ್ದು ಹಂತಹಂತವಾಗಿ ಜಾರಿಗೆ ಬರುತ್ತಿದೆ. ಮನೆ ಕಟ್ಟುವ ಅರ್ಜಿ ಕೌಂಟಿ ಕಚೇರಿಗೆ ಹೋದಾಗ, ಹತ್ತಿರದಲ್ಲಿ ಇಂಥದ್ದೇನಾದರೂ ಇದ್ದರೆ, ‘ಮೊದಲು ಪರೀಕ್ಷಾ ಅಗೆತ ಮಾಡಿಸಿ’ ಎಂಬ ಷರತ್ತು ಬರುತ್ತದೆ. ಮಾಡಿಸುವವರು ಮನೆಯವರೇ, ದುಡ್ಡೂ ಅವರದೇ. ಪುರಾತತ್ವಜ್ಞರು ಎಲ್ಲಿ, ಎಷ್ಟು ಉದ್ದ, ಯಾವ ರೀತಿ ಅಗೆಯುತ್ತೇವೆ ಎಂಬುದನ್ನು ಮುಂಚಿತವಾಗಿ ಬರೆದುಕೊಟ್ಟು, ರಾಷ್ಟ್ರೀಯ ವಸ್ತುಸಂಗ್ರಹಾಲಯದ ಅಭಿಪ್ರಾಯವೂ ಬಂದ ಮೇಲೆ ಲೈಸೆನ್ಸ್ ಸಿಗುತ್ತದೆ. ಅದಕ್ಕೊಂದು ಸಂಖ್ಯೆ: ಮೊದಲು ವರ್ಷದ ಕೊನೆಯ ಎರಡು ಅಂಕಿ, ನಡುವೆ ‘ಇ’ ಎಂಬ ಅಕ್ಷರ, ಕೊನೆಗೆ ಆ ವರ್ಷದ ಸರದಿ ಅಂಕಿ. ಅಗೆದ ಮಣ್ಣಿನಿಂದ ಬಂದ ಪ್ರತಿ ಚೂರಿನ ಚೀಲದ ಮೇಲೂ ಆ ಸಂಖ್ಯೆ ಇರಲೇಬೇಕು.

ಬಂದ ಪುರಾತತ್ವಜ್ಞೆಗೆ ನಲವತ್ತರ ಆಸುಪಾಸು. ಮೊಣಕಾಲಿನವರೆಗೆ ಕೆಸರು ಮೆತ್ತಿದ ಬೂಟು, ಹಳದಿ ಜಾಕೆಟ್ಟು, ಹಿಂದಿನ ಜೇಬಿನಲ್ಲಿ ಅಂಗೈಯುದ್ದದ ಒಂದು ಕರಣೆ. ನಮ್ಮ ಕಡೆ ಹಿಟಾಚಿ ಎನ್ನುವ ಯಂತ್ರದ ಚಿಕ್ಕ ತಳಿಯೊಂದು ಅವರ ಹಿಂದೆ ಟ್ರೇಲರಿನಲ್ಲಿ ಬಂತು. ಅದರ ಬಕೆಟ್ಟಿಗೆ ಹಲ್ಲಿರಲಿಲ್ಲ. ಅಂಚು ಚಾಕುವಿನ ಹಾಗೆ ನೇರ. ಹಲ್ಲಿದ್ದರೆ ಮಣ್ಣನ್ನು ಗೀರಿ ಬಣ್ಣ ಕಲಸಿಬಿಡುತ್ತದೆ, ಆಮೇಲೆ ಏನೂ ಓದಲಾಗದು ಎಂದು ಆಕೆ ವಿವರಿಸಿದರು. ಚಾಲಕನೂ ಪಳಗಿದವನು. ಒಂದು ಸಲಕ್ಕೆ ಅಂಗೈ ದಪ್ಪದಷ್ಟು ಮಾತ್ರ ಕೆತ್ತುತ್ತಾ, ಆಕೆ ಬೆರಳೆತ್ತಿದಾಗ ನಿಲ್ಲಿಸುತ್ತಾ, ಹಿಂದಕ್ಕೆ ಸರಿಯುತ್ತಿದ್ದ. ಗೋಡೆ ಬರುವ ಜಾಗದಲ್ಲಿ ಒಂದು ಉದ್ದನೆಯ ಗುಂಡಿ, ಅದಕ್ಕೆ ಅಡ್ಡವಾಗಿ ಇನ್ನೊಂದು.

ಮೇಲೆ ಹುಲ್ಲಿನ ಹೆಂಟೆ. ಕೆಳಗೆ ಮೊಳದಷ್ಟು ಕಪ್ಪನೆಯ ತೋಟದ ಮಣ್ಣು. ಅದರಲ್ಲಿ ಕಂದು ಹೊಳಪಿನ ಮಡಕೆಯ ಚೂರು, ಬಾಟಲಿ ಗಾಜು, ದನದ ಹಲ್ಲು, ಬಿಳಿ ಜೇಡಿಯ ಚಿಲುಮೆಯ ಮುರಿದ ಕೊಳವೆ. ಸಾವಿನ ಮನೆಗೆ ರಾತ್ರಿ ಕೂರಲು ಬಂದವರಿಗೆಲ್ಲ ಇಂಥ ಚಿಲುಮೆಯನ್ನೂ ತಂಬಾಕನ್ನೂ ಹಂಚುವ ಪದ್ಧತಿ ಅಲ್ಲಿ ಬಹುಕಾಲ ಇತ್ತು. ಅದರ ಕೆಳಗೆ ಹಳದಿಗೆ ತಿರುಗಿದ ಗಟ್ಟಿ ಜೇಡಿ, ನಡುವೆ ಗುಂಡುಕಲ್ಲುಗಳು. ಹಿಮಯುಗದ ನೀರ್ಗಲ್ಲು ಜಾರಿಹೋಗುವಾಗ ಬಿಟ್ಟುಹೋದ ಮಣ್ಣು ಅದು. ಮನುಷ್ಯನ ಕೈ ಮುಟ್ಟದ ಕನ್ನೆನೆಲ. ಅಲ್ಲಿಗೆ ಯಂತ್ರ ನಿಂತಿತು.

ಪುರಾತತ್ವದ ಗುಟ್ಟೆಲ್ಲ ಇರುವುದು ಈ ಹಳದಿ ನೆಲದಲ್ಲಿ. ಒಮ್ಮೆ ಅದರಲ್ಲಿ ಗುಳಿ ತೋಡಿದರೆ ಆ ಗಾಯ ಮಾಯುವುದಿಲ್ಲ. ಗುಳಿ ತುಂಬಿಕೊಳ್ಳುತ್ತದೆ ನಿಜ, ಆದರೆ ತುಂಬಿದ್ದು ಮೇಲಿನ ಕಪ್ಪುಮಣ್ಣು, ಬೂದಿ, ಎಲೆಕೊಳೆ. ಸಾವಿರ ವರ್ಷದ ಬಳಿಕ ಕೆತ್ತಿ ನೋಡಿದರೂ ಹಳದಿಯ ಮೇಲೆ ಕಪ್ಪು ಗುರುತಾಗಿ ಕಾಣುತ್ತದೆ. ಕಂಬ ಕೊಳೆತು ಮಣ್ಣಾಗಿದ್ದರೂ ಅದು ನಿಂತಿದ್ದ ಕುಳಿ ಕಪ್ಪು ಬಿಲ್ಲೆಯಾಗಿ ಉಳಿದಿರುತ್ತದೆ. ಅಂಥ ಬಿಲ್ಲೆಗಳು ಸಾಲುಗೂಡಿದರೆ ಒಂದು ಮನೆ. ಇದ್ದಿಲು ಬೆರೆತ ಮಣ್ಣಿನಲ್ಲಿ ಬೆಂದು ಬಿರಿದ ಕಲ್ಲುಗಳ ರಾಶಿ ಸಿಕ್ಕರೆ, ಕಂಚಿನ ಯುಗದವರು ಕಾದ ಕಲ್ಲುಗಳನ್ನು ನೀರಿನ ತೊಟ್ಟಿಗೆ ಹಾಕಿ ಕುದಿಸುತ್ತಿದ್ದ ಜಾಗ. 2018ರ ಬಿಸಿಲುಗಾಲದಲ್ಲಿ ಇದೇ ಬಾಯ್ನ್ ಬಾಗಿನಲ್ಲಿ ಬೆಳೆಗಳು ಒಣಗಿದಾಗ ಒಂದು ಹೊಲದಲ್ಲಿ ಹಸಿರು ದುಂಡುಗೆರೆ ಮೂಡಿತ್ತು. ಹಳೆಯ ಕಂದಕ, ಕಂಬದ ಕುಳಿಗಳ ಮೇಲಿನ ಮಣ್ಣು ತೇವ ಹಿಡಿದಿಟ್ಟುಕೊಂಡು ಆ ಗೆರೆಯ ಪೈರನ್ನು ಮಾತ್ರ ಹಸಿರಾಗಿ ಉಳಿಸಿತ್ತು. ಜುಲೈ 10ರಂದು ಆಂಟನಿ ಮರ್ಫಿ, ಕೆನ್ ವಿಲಿಯಮ್ಸ್ ಎಂಬಿಬ್ಬರು ಡ್ರೋನ್ ಹಾರಿಸುತ್ತಿದ್ದಾಗ ಅದು ಕಣ್ಣಿಗೆ ಬಿತ್ತು. ಸಾವಿರಾರು ವರ್ಷ ಹಳೆಯ, 150 ಮೀಟರಿಗೂ ಅಗಲವಾದ ವರ್ತುಲ. ಅದಕ್ಕೂ ಮುಂಚೆ ಎಷ್ಟು ತಲೆಮಾರುಗಳು ಅದರ ಮೇಲೆ ಉತ್ತು ಬಿತ್ತಿದ್ದರೋ.

ಎರಡನೇ ಗುಂಡಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಕಪ್ಪು ಪಟ್ಟಿಯೊಂದು ಕಾಣಿಸಿಕೊಂಡಿತು. ಮಾರುದ್ದಕ್ಕೆ ತುಸು ಕಡಿಮೆ ಅಗಲ. ಗುಂಡಿಯನ್ನು ಓರೆಯಾಗಿ ಹಾದು, ಬೇಲಿಯಾಚೆಯ ದುಂಡು ಏರಿಯ ದಿಕ್ಕಿಗೇ ಹೋಗುತ್ತಿತ್ತು. ಮನೆಯೊಡತಿಯ ಮುಖ ಇಳಿಯಿತು. ಕೋಟೆಯ ಕಂದಕವೇ ಆಗಿದ್ದರೆ ಪೂರ್ತಿ ಉತ್ಖನನ, ಇಲ್ಲವೇ ನಕ್ಷೆ ಬದಲಿಸಿ ಮತ್ತೆ ಅರ್ಜಿ. ನನ್ನೊಳಗೆ ಮಾತ್ರ ಕುತೂಹಲ ಕುಣಿಯುತ್ತಿತ್ತು. ಪುರಾತತ್ವಜ್ಞೆ ಯಾರ ಮುಖವನ್ನೂ ನೋಡದೆ ಮಂಡಿಯೂರಿ ಕೂತು ಪಟ್ಟಿಯ ಅರ್ಧವನ್ನಷ್ಟೇ ಕರಣೆಯಿಂದ ತೆಗೆಯತೊಡಗಿದರು. ಇನ್ನರ್ಧ ಹಾಗೇ ನಿಂತಿರಬೇಕು. ಒಳಗಿನ ಪದರಗಳು ಅದರ ಕೊಯ್ದ ಮೈಯಲ್ಲಿ ಕಾಣುತ್ತವೆ.

ಒಂದೂವರೆ ತಾಸು ಹಿಡಿಯಿತು. ಎರಡು ಅಡಿ ಆಳದಲ್ಲಿ ತಳ ಸಿಕ್ಕಿತು. ತಳದ ಕೆಸರಿನಿಂದ ಆಕೆ ಎತ್ತಿದ್ದು ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಒಂದು ಪಿಂಗಾಣಿ ಚೂರು. ಬಿಳಿಯ ಮೇಲೆ ನೀಲಿ ಚಿತ್ರ: ಕಮಾನು ಸೇತುವೆಯ ತುದಿ, ಅದರ ಮೇಲೊಬ್ಬ ಪುಟ್ಟ ಮನುಷ್ಯನ ಕಾಲುಗಳು. ಚೀನಾದ ನಕಲಿನಂತೆ ಇಂಗ್ಲೆಂಡಿನ ಕಾರ್ಖಾನೆಗಳು 1790ರ ಆಸುಪಾಸಿನಿಂದ ಅಚ್ಚೊತ್ತಿ ಮಾರಿದ ವಿಲೋ ಚಿತ್ರದ ತಟ್ಟೆ. ಆ ತಟ್ಟೆ ಇಲ್ಲದ ಮನೆಯೇ ಆ ದ್ವೀಪಗಳಲ್ಲಿ ಇರಲಿಲ್ಲವೇನೋ. ಕಂದಕದ ಬಾಯಿಯ ಹತ್ತಿರ ಏನು ಸಿಕ್ಕರೂ ಯಾವ ಕಾಲಕ್ಕಾದರೂ ಬಿದ್ದಿರಬಹುದು. ತಳದಲ್ಲಿ ಸಿಕ್ಕಿದ್ದು ಮಾತ್ರ ಅದು ತುಂಬತೊಡಗಿದ ಕಾಲವನ್ನು ಹೇಳುತ್ತದೆ. ಆಕೆ ಫೋನ್ ತೆಗೆದು ಬ್ರಿಟಿಷರು 1830ರ ದಶಕದಲ್ಲಿ ಮೈಲಿಗೆ ಆರು ಇಂಚಿನ ಅಳತೆಯಲ್ಲಿ ಬಿಡಿಸಿದ ಸರ್ವೇ ನಕ್ಷೆ ತೋರಿಸಿದರು. ಮನೆಯ ಹಿಂದೆ ಹೊಲದ ಬದುವಿನ ಗೆರೆಯೊಂದು ಓರೆಯಾಗಿ ಹಾದುಹೋಗಿತ್ತು. ಮುಂದಿನ ತಲೆಮಾರಿನ 25 ಇಂಚಿನ ನಕ್ಷೆಯಲ್ಲಿ ಅದಿಲ್ಲ. ಮಹಾಕ್ಷಾಮದ ಹಿಂಚುಮುಂಚಿನ ವರ್ಷಗಳಲ್ಲಿ ಚಿಕ್ಕ ಹೊಲಗಳು ಕೂಡಿ ದೊಡ್ಡವಾದಾಗ ಯಾರೋ ಬದು ಕಿತ್ತು ಕಾಲುವೆ ಮುಚ್ಚಿರಬೇಕು.

“ಹಾಗಾದರೆ ಏನೂ ಇಲ್ಲ ಅನ್ನಿ,” ಎಂದರು ಮನೆಯೊಡತಿ, ಉಸಿರು ಬಿಡುತ್ತಾ.

“ಏನೂ ಇಲ್ಲ. ಅದನ್ನೇ ಬರೆಯುವುದು,” ಎಂದರು ಆಕೆ.

ಬರೆದದ್ದನ್ನು ನೋಡಿಯೇ ನಾನು ಬೆರಗಾದದ್ದು. ಕಂದಕದ ಕೊಯ್ದ ಮೈಗೆ ಎರಡು ಮೊಳೆ ಹೊಡೆದು, ನಡುವೆ ದಾರ ಬಿಗಿದು, ದಾರಕ್ಕೊಂದು ಕಿರುಬೆರಳಿನಷ್ಟರ ರಸಮಟ್ಟ ಸಿಕ್ಕಿಸಿ ಆಕೆ ಮಟ್ಟ ಸರಿ ಮಾಡಿಕೊಂಡರು. ಹತ್ತು ಹತ್ತು ಸೆಂಟಿಮೀಟರಿಗೆ ದಾರದಿಂದ ಕೆಳಗೆ ಅಳೆದು, ಪ್ಲಾಸ್ಟಿಕ್ ಹಾಳೆಯ ಮೇಲೆ ಪೆನ್ಸಿಲ್ಲಿನಿಂದ ಒಂದೊಂದು ಪದರದ ಗೆರೆ ಎಳೆದರು. ಕೆಂಪು ಬಿಳಿ ಪಟ್ಟಿಯ ಅಳತೆಗೋಲು, ಉತ್ತರ ದಿಕ್ಕಿನ ಬಾಣ ಇಟ್ಟು ಫೋಟೋ. ಮಳೆ ಹನಿಯತೊಡಗಿದರೂ ಪ್ಲಾಸ್ಟಿಕ್ ಹಾಳೆಯಾದ್ದರಿಂದ ಕೆಲಸ ನಿಲ್ಲಲಿಲ್ಲ. ಇನ್ನೂರು ವರ್ಷವೂ ತುಂಬದ ಒಂದು ಹೊಲದ ಕಾಲುವೆಗೆ ಇಷ್ಟು ಉಪಚಾರ. ಆಮೇಲೆ ಯಂತ್ರ ಬಂದು ಎರಡೂ ಗುಂಡಿಗಳನ್ನು ಮುಚ್ಚಿತು.

ಇಂಥ ವರದಿಗಳ ಸಾರವೆಲ್ಲ 1970ರಿಂದ ವರ್ಷವರ್ಷವೂ ಒಟ್ಟಾಗಿ ಪ್ರಕಟವಾಗುತ್ತಾ ಬಂದಿದೆ. ಈಗ ಯಾರು ಬೇಕಾದರೂ ಮನೆಯಲ್ಲಿ ಕೂತು ಹುಡುಕಿ ಓದಬಹುದು. ಊರಿನ ಹೆಸರು, ನಕ್ಷೆಯ ಅಂಕಿ, ಲೈಸೆನ್ಸ್ ಸಂಖ್ಯೆ, ಆಮೇಲೆ ಒಂದು ಸಾಲು: ಪುರಾತತ್ವದ ಮಹತ್ವವಿಲ್ಲ. ಈ ಸಾಲೇ ಪುಟ ಪುಟಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ದನದ ಕೊಟ್ಟಿಗೆ, ಗ್ಯಾರೇಜು, ಶೌಚಗುಂಡಿ, ಅಡುಗೆಮನೆ. ಓದಲು ಇದಕ್ಕಿಂತ ನೀರಸವಾದದ್ದಿಲ್ಲ. ಆದರೆ ನ್ಯೂಗ್ರೇಂಜ್ ಕಟ್ಟಿದವರು ಎಲ್ಲೆಲ್ಲಿ ಒಕ್ಕಲಿದ್ದರು ಎಂಬ ಪ್ರಶ್ನೆ ಇನ್ನೂ ಪೂರ್ತಿ ಬಗೆಹರಿದಿಲ್ಲ. ನೆಲ ನೋಡಿ ‘ಇಲ್ಲ’ ಎಂದು ಬರೆದ ಜಾಗಕ್ಕೂ ಯಾರೂ ನೋಡೇ ಇಲ್ಲದ ಜಾಗಕ್ಕೂ ನಕ್ಷೆಯಲ್ಲಿ ಅಜಗಜಾಂತರ. ಮೊದಲನೆಯದು ಉತ್ತರ, ಎರಡನೆಯದು ಬರೀ ಖಾಲಿ.

ಒಮ್ಮೊಮ್ಮೆ ‘ಇದೆ’ ಎಂಬ ಉತ್ತರವೂ ಬರುತ್ತದೆ. ಆ ಬರಗಾಲದ 2018ರಲ್ಲೇ, ಡೌತ್ ಹಾಲ್ ಎಂಬ 18ನೇ ಶತಮಾನದ ದೊಡ್ಡ ಮನೆಯ ದುರಸ್ತಿ ನಡೆಯುತ್ತಿದ್ದಾಗ, ಮನೆಯ ಅಡಿಯಲ್ಲಿ 5,500 ವರ್ಷ ಹಳೆಯ ಗೋರಿಯೊಂದು ಸಿಕ್ಕಿತು. ಸುಮಾರು 40 ಮೀಟರ್ ಅಗಲದ ಕಲ್ಲುರಾಶಿ, ಎರಡು ಕೋಣೆ, ಚಿತ್ರ ಕೆತ್ತಿದ ಬುಡಗಲ್ಲು. ಮನೆ ಕಟ್ಟಿಸಿದ ಶ್ರೀಮಂತನಿಗೆ ಅದರ ಸುಳಿವಾದರೂ ಇತ್ತೋ ಇಲ್ಲವೋ. ಆ ಮನೆಯನ್ನೂ ಜಮೀನನ್ನೂ ಈಗ ಸರ್ಕಾರ ರಾಷ್ಟ್ರೀಯ ಉದ್ಯಾನಕ್ಕಾಗಿ ಕೊಂಡುಕೊಂಡಿದೆ.

ಊರವರಿಗೆ ಇದೆಲ್ಲ ಹಿಗ್ಗಿನ ಸಂಗತಿ ಮಾತ್ರವಲ್ಲ. ಬ್ರೂ ನ ಬೋನ್ಯದೊಳಗೆ ಹೊಸ ಮನೆಗೆ ಒಪ್ಪಿಗೆ ಸಿಗುವುದು ಬಹಳ ಕಷ್ಟ; ಇರುವ ಮನೆಯನ್ನು ಬೆಳೆಸುವುದಷ್ಟೇ ದಾರಿ. ಮಗನಿಗೆ ತನ್ನ ಹೊಲದಲ್ಲೇ ಮನೆ ಕಟ್ಟಿಕೊಡಲಾಗದ ರೈತನಿಗೆ ಐದು ಸಾವಿರ ವರ್ಷದ ಹೆಮ್ಮೆ ಎಷ್ಟು ಹೊತ್ತು ಹೊಟ್ಟೆ ತುಂಬಿಸೀತು? ನಮ್ಮ ಮನೆಯೊಡತಿಯೂ ಗೊಣಗಿದರು. ಅಗೆತಕ್ಕೆ ಕೊಟ್ಟ ದುಡ್ಡಿನಲ್ಲಿ ಒಳ್ಳೆಯ ಒಲೆ ಬರುತ್ತಿತ್ತು ಎಂದರು. ಒಲೆಯ ಬಳಿಯ ಮುದುಕರು ಮಾತ್ರ ನಾಲ್ಕು ಕೋಲಿನ ಪರೀಕ್ಷೆಗೆ ಕಾಸಿನ ಖರ್ಚೂ ಇರಲಿಲ್ಲ ಎಂದು ನಕ್ಕರು.

ಡಬ್ಲಿನ್ನಿನ ಕಿಲ್ಡೇರ್ ಬೀದಿಯ ವಸ್ತುಸಂಗ್ರಹಾಲಯದಲ್ಲಿ ನಿಂತರೆ ಈ ಕಟ್ಟುನಿಟ್ಟು ಎಲ್ಲಿಂದ ಬಂತೆಂಬುದು ತಿಳಿಯುತ್ತದೆ. ಅಲ್ಲಿ ಆರ್ಡಾ ಎಂಬ ಬೆಳ್ಳಿಯ ಪೂಜಾಪಾತ್ರೆಯಿದೆ; 1868ರಲ್ಲಿ ಲಿಮರಿಕ್ ಸೀಮೆಯ ದುಂಡುಕೋಟೆಯೊಂದರಲ್ಲಿ ಆಲೂಗಡ್ಡೆ ಅಗೆಯುತ್ತಿದ್ದ ಹುಡುಗರಿಗೆ ಸಿಕ್ಕದ್ದು. ಹತ್ತಿರವೇ ಡೆರಿನಾಫ್ಲಾನ್ ನಿಧಿ. 1980ರಲ್ಲಿ ಟಿಪರೇರಿ ಸೀಮೆಯಲ್ಲಿ ಲೋಹಶೋಧಕ ಹಿಡಿದು ಹೋದ ತಂದೆ ಮಗನ ಪಾಲಿಗೆ ಬಂದದ್ದು. ಅದು ಯಾರದು ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1987ರಲ್ಲಿ ಕೋರ್ಟು, ನಿಧಿ ರಾಷ್ಟ್ರದ್ದು, ಹುಡುಕಿದವರಿಗೆ ಸೂಕ್ತ ಬಹುಮಾನ ಸಲ್ಲಬೇಕು ಎಂದಿತು. ನೆಲದಲ್ಲಿ ಸಿಕ್ಕ ಒಡೆಯನಿಲ್ಲದ ಪ್ರಾಚೀನ ವಸ್ತುಗಳೆಲ್ಲ ಸರ್ಕಾರದ್ದೆಂದು 1994ರ ತಿದ್ದುಪಡಿ ಹೇಳಿದ್ದು ಅದರ ಮುಂದುವರಿಕೆ. ವಿಲೋ ತಟ್ಟೆಯ ಚೂರನ್ನು ಯಾರೂ ಕೇಳುವುದಿಲ್ಲ ಬಿಡಿ. ಆದರೂ ಅದರ ಚೀಲಕ್ಕೆ ಸಂಖ್ಯೆ ಬಿದ್ದಿತ್ತು.

ಅಲ್ಲಿಂದ ನಾಲ್ಕು ಹೆಜ್ಜೆಗೆ ಡಾಸನ್ ಬೀದಿ, 19ನೇ ನಂಬರಿನಲ್ಲಿ ರಾಯಲ್ ಐರಿಷ್ ಅಕಾಡೆಮಿ. ಕಲಬುರಗಿಯವನಾಗಿ ನನಗೆ ಆ ಬಾಗಿಲಲ್ಲಿ ನಿಲ್ಲಲು ಕಾರಣವಿತ್ತು. ಸುರಪುರದಲ್ಲಿ ಟೇಲರ್ ಮಂಜಿಲ್ ಕಟ್ಟಿಸಿದ, ಬಾಲಕ ವೆಂಕಟಪ್ಪ ನಾಯಕನ ಸಂಸ್ಥಾನವನ್ನು ನೋಡಿಕೊಂಡ ಮೆಡೋಸ್ ಟೇಲರ್ 1860ರಲ್ಲಿ ಹಿಂದೂಸ್ಥಾನ ಬಿಟ್ಟ ಮೇಲೆ ನೆಲೆಸಿದ್ದು ಡಬ್ಲಿನ್ನಿನ ಹೆರಾಲ್ಡ್ಸ್ ಕ್ರಾಸ್‌ನಲ್ಲಿ. ಸುರಪುರದ ಸೀಮೆಯಲ್ಲಿದ್ದಾಗ ಅವನು ರಾಜನಕೋಳೂರು, ವಿಭೂತಿಹಳ್ಳಿಗಳ ಕಲ್ಲುನೆಲೆಗಳನ್ನು ನೋಡಿ ಬರೆದ. ಜೇವರ್ಗಿಯ ಬಳಿ ಕಲ್ಲುಗೋರಿಗಳನ್ನು ಅಗೆಸಿದ. ನಮ್ಮವರು ಅವನ್ನು ಮೋರ್ಯರ ಮನೆ ಎನ್ನುತ್ತಾರೆ. ಮೂರು ಅಡಿಯ ಕುಳ್ಳರು ಕಟ್ಟಿಕೊಂಡದ್ದಂತೆ. ಐರ್ಲೆಂಡಿನವರು ತಮ್ಮ ಹೊಲಗಳ ಇಂಥವೇ ಕಲ್ಲುಗಳನ್ನು ಓಡಿಹೋದ ಪ್ರೇಮಿಗಳಾದ ಡರ್ಮಿಡ್ ಮತ್ತು ಗ್ರಾನ್ಯರ ಹಾಸಿಗೆ ಎನ್ನುತ್ತಾರೆ. ಟೇಲರ್ ದಖನ್ನಿನ ಈ ಗೋರಿಗಳ ವಿವರವನ್ನು 1860ರ ದಶಕದಲ್ಲಿ ಇದೇ ಅಕಾಡೆಮಿಯ ಸಂಪುಟದಲ್ಲಿ ಪ್ರಕಟಿಸಿದ. ಎರಡೂ ಕಡೆಯವನ್ನು ಒಂದೇ ಕುಲದವರು ಕಟ್ಟಿದರೆಂಬ ಅವನ ಊಹೆ ಇಂದು ನಿಲ್ಲುವುದಿಲ್ಲ. ನಮ್ಮವು ಐರ್ಲೆಂಡಿನವಕ್ಕಿಂತ ಎರಡು ಸಾವಿರ ವರ್ಷವಾದರೂ ಈಚಿನವು. ನಿಂತದ್ದು ಅವನ ಛೇದಚಿತ್ರಗಳು. ಗೋರಿಯನ್ನು ನಡುವೆ ಕೊಯ್ದು, ಮೇಲಿಂದ ಕೆಳಗಿನವರೆಗೆ ಯಾವ ಪದರದಲ್ಲಿ ಏನಿತ್ತೆಂದು ಅವನು ಗೆರೆ ಎಳೆದು ತೋರಿಸಿದ್ದ. ಬಂಗಾರದ ಆಸೆಗೆ ಗೋರಿ ಬಗೆಯುವವರೇ ಹೆಚ್ಚಿದ್ದ ಕಾಲ ಅದು. ಶತಮಾನದ ಬಳಿಕ, ಬ್ರಹ್ಮಗಿರಿಯಲ್ಲಿ ಅಗೆದ ಮಾರ್ಟಿಮರ್ ವ್ಹೀಲರ್ ಆ ಚಿತ್ರಗಳನ್ನು ಮನಸಾರೆ ಮೆಚ್ಚಿಕೊಂಡ. ಹಿತ್ತಿಲಿನ ಗುಂಡಿಯಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಮೂಡಿದ್ದೂ ಅದೇ ಬಗೆಯ ಚಿತ್ರ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು ಎಂದು 2010ರ ತಿದ್ದುಪಡಿ ಹೇಳುತ್ತದೆ. ಹಂಪಿ, ಐಹೊಳೆ, ಬಾದಾಮಿಯ ಜನ ಈ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ನಮ್ಮ ಕಾನೂನು ಕೇಳುವುದು ಸ್ಮಾರಕದಿಂದ ಎಷ್ಟು ದೂರ ಎಂದು. ಅವರದು ಕೇಳುವುದು ಪಾಯದ ಕೆಳಗೆ ಏನಿದೆ ಎಂದು. 301ನೇ ಮೀಟರಿನಲ್ಲಿ ಜೆಸಿಬಿ ಹಲ್ಲೂರಿದಾಗ ಮಣ್ಣಿನ ಬಣ್ಣ ನೋಡಲು ನಮ್ಮಲ್ಲಿ ಯಾರೂ ನಿಂತಿರುವುದಿಲ್ಲ. ಜೇವರ್ಗಿ, ಶಹಾಪುರದ ಹೊಲಗಳಲ್ಲಿ ಏನು ಹೋಯಿತೆಂದು ಹೇಳಲು ಇಂದಿಗೂ ನೂರಾ ಅರವತ್ತು ವರ್ಷ ಹಳೆಯ ಸಂಪುಟವನ್ನೇ ತೆರೆಯಬೇಕಾಗಿದೆ.

ನಾನು ಊರಿಗೆ ಬಂದ ಎಷ್ಟೋ ತಿಂಗಳ ಮೇಲೆ ಅಕ್ಕನ ಮಗಳ ಫೋನು ಬಂತು. ಅಡುಗೆಮನೆ ಎದ್ದಿತ್ತು. ನಡುವೆ ಒಂದು ತೊಡಕಾಯಿತಂತೆ. ಉತ್ತರದ ಗೋಡೆಗೆ ಪಾಯ ತೋಡುವಾಗ ಒಂದು ಕಡೆ ನೆಲ ಮೆತ್ತಗೆ ಹತ್ತಿತು. ಮುಚ್ಚಿಹೋದ ಕಾಲುವೆಯ ಮೇಲೆ ಗೋಡೆ ನಿಲ್ಲಿಸಿದರೆ ನಾಳೆ ಬಿರುಕು ಬಿಡುವುದು ಖಂಡಿತ. ಅದು ಎಲ್ಲಿಂದ ಎಲ್ಲಿಗೆ ಹಾದಿದೆ, ಎಷ್ಟು ಆಳವಿದೆ ಎಂಬುದೆಲ್ಲ ಪುರಾತತ್ವದ ವರದಿಯಲ್ಲಿ ಸೆಂಟಿಮೀಟರಿನ ಲೆಕ್ಕದಲ್ಲಿ ಇದ್ದೇ ಇತ್ತು. ಅಷ್ಟು ಉದ್ದಕ್ಕೆ ಮಾತ್ರ ಎರಡು ಅಡಿ ಆಳಕ್ಕಿಳಿದು ಕಾಂಕ್ರೀಟ್ ಸುರಿದರು. “ಮಹತ್ವ ಇಲ್ಲ ಅಂತ ಬರದಿದ್ರಲ್ಲ ಮಾಮಾ, ಆ ಕಾಗದ ಹಿಡಕೊಂಡ ಮೇಸ್ತ್ರಿ ಪಾಯ ಹಾಕಿದ,” ಎಂದಳು.